ಕಾಡುಕೋಳಿ ಬೇಟೆ

ಬೂದು ಕಾಡುಕೋಳಿಯನ್ನು, ಅದರಲ್ಲೂ ಬಲಿತ ಹುಂಜವನ್ನು, ಕೋವಿಯಿಂದಲೋ ಉರುಳಿನಿಂದಲೋ ಸಾಕಿದ ಹುಂಜವೊಂದನ್ನು ಮುಂದೊಡ್ಡಿಯೋ ಹಿಡಿಯುತ್ತಿದ್ದ ಬೇಟೆ. ಕರ್ನಾಟಕದ ಮಲೆನಾಡು, ಕೊಡಗು, ಘಟ್ಟದ ಕೆಳಗಿನ ಸೀಮೆ ಮತ್ತು ಹಳೆಯ ಮೈಸೂರಿನ ಕುರುಚಲು ಬೆಟ್ಟಗಳಲ್ಲಿ ಕಳೆದ ಶತಮಾನದ ಕೊನೆಯವರೆಗೂ ಬಳಕೆಯಲ್ಲಿತ್ತು. ಈಗ ಇದು ಶಿಕ್ಷಾರ್ಹ ಅಪರಾಧ. ಹುಲಿ, ಕಾಟಿ, ಹಂದಿಯ ಬೇಟೆಗೆ ಸಿಕ್ಕ ಹೆಸರು ಇದಕ್ಕೆ ಸಿಗಲಿಲ್ಲ. ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದಲ್ಲೇ ಕಲ್ಲು ನೆಟ್ಟರು. ಕೋಳಿ ಹೊಡೆದು ತಂದವನಿಗೆ ಆ ರಾತ್ರಿಯ ಸಾರಷ್ಟೇ ಗೌರವ. ಆದರೂ ಬೇಟೆಯ ಜಾಣ್ಮೆಯನ್ನೇ ಅಳೆಯುವುದಾದರೆ, ಹತ್ತು ಜನ ಹಳು ನುಗ್ಗಿ ಎಬ್ಬಿಸುವ ಹಂದಿಗಿಂತ ಒಬ್ಬನೇ ಕೂತು ಕಾಯಬೇಕಾದ ಹಳೆಯ ಹುಂಜವೇ ಒಂದು ಕೈ ಮೇಲು.

ಹಕ್ಕಿ

ಬೂದು ಕಾಡುಕೋಳಿಯ ಶಾಸ್ತ್ರೀಯ ಹೆಸರು ಗ್ಯಾಲಸ್ ಸೊನ್ನೆರಾಟಿ. ಹದಿನೆಂಟನೆಯ ಶತಮಾನದಲ್ಲಿ ಭಾರತಕ್ಕೆ ಬಂದು ಹೋದ ಫ್ರೆಂಚ್ ಪ್ರವಾಸಿ ಪಿಯರ್ ಸೊನ್ನೆರಾ ಅವರ ನೆನಪಿಗೆ ಡಚ್ ಪ್ರಾಣಿಶಾಸ್ತ್ರಜ್ಞ ಟೆಮಿಂಕ್ 1813ರಲ್ಲಿ ಇಟ್ಟ ಹೆಸರದು. ಉತ್ತರ ಮತ್ತು ಈಶಾನ್ಯ ಭಾರತದ ಕೆಂಪು ಕಾಡುಕೋಳಿ ಬೇರೆಯೇ ಜಾತಿ. ಬೂದು ಕಾಡುಕೋಳಿ ಮುಖ್ಯವಾಗಿ ದಕ್ಷಿಣದ ಪರ್ಯಾಯದ್ವೀಪದ್ದು. ಮಧ್ಯಪ್ರದೇಶ, ಗುಜರಾತ್ ಮತ್ತು ದಕ್ಷಿಣ ರಾಜಸ್ಥಾನದವರೆಗೂ ಅದರ ನೆಲೆ ಚಾಚಿದೆ. ನಿತ್ಯಹರಿದ್ವರ್ಣದ ಕಾಡಿನಂಚು, ಎಲೆ ಉದುರುವ ಕಾಡು, ಬಿದಿರ ಮೆಳೆ, ಲಂಟಾನ ತುಂಬಿದ ಹಾಳು ತೋಟ, ಕಾಫಿ ತೋಟ ಎಲ್ಲವೂ ಅದಕ್ಕೆ ಒಗ್ಗುತ್ತವೆ. ಒಗ್ಗದಿರುವುದು ಮರೆಯಿಲ್ಲದ ಬಟ್ಟ ಬಯಲು ಮಾತ್ರ.

ಹುಂಜ ಸುಮಾರು ಒಂದು ಕೆ.ಜಿ. ತೂಗುತ್ತದೆ. ಹೇಂಟೆ ಇನ್ನೂ ಚಿಕ್ಕದು. ಕಂದು ಬೆನ್ನು, ಎದೆಯಲ್ಲಿ ಕಪ್ಪಂಚಿನ ಬಿಳಿ ಗರಿ, ತರಗೆಲೆಯ ಮೇಲೆ ಕೂತರೆ ಕಾಣುವುದೇ ಕಷ್ಟ. ಹುಂಜದ ಕತ್ತಿನ ಗರಿಯೊಂದನ್ನು ಅಂಗೈಯಲ್ಲಿಟ್ಟು ನೋಡಿದರೆ ಈ ಹಕ್ಕಿಯ ಇತಿಹಾಸದ ಅರ್ಧ ಭಾಗ ಅರ್ಥವಾಗುತ್ತದೆ. ಉದ್ದನೆಯ ಕಡುಬಣ್ಣದ ಗರಿ. ನಡುದಂಟಿನ ಉದ್ದಕ್ಕೂ ಬೂದು ಪಟ್ಟಿ, ಅಲ್ಲೊಂದು ಬಿಳಿ ಚುಕ್ಕೆ. ತುದಿಗೆ ಬಂದಾಗ ಎಳೆಗಳೆಲ್ಲ ಒಂದಕ್ಕೊಂದು ಬೆಸೆದು, ಅರಗು ತೊಟ್ಟಿಕ್ಕಿ ಆರಿದಂತೆ ಹಳದಿ ಮಿಶ್ರಿತ ಬಿಳಿಯ ಗಟ್ಟಿ ಹಾಳೆಯಾಗಿರುತ್ತವೆ. ಬೆರಳಿಗೆ ನುಣುಪಾಗಿ ಸಿಗುವ ಈ ಹೊಳಪಿನ ತುದಿಗಾಗಿಯೇ ಹತ್ತೊಂಬತ್ತನೆಯ ಶತಮಾನದಿಂದ ಬ್ರಿಟನ್ನಿನ ಗಾಳಗಾರರು ಈ ಗರಿಗೆ ಬೆಲೆ ಕಟ್ಟಿದರು. ಸಾಲ್ಮನ್ ಮೀನನ್ನು ಮರುಳು ಮಾಡಲು ಕಟ್ಟುವ ನಕಲಿ ನೊಣಕ್ಕೆ ಕಣ್ಣಾಗಿ ಕೂರುತ್ತಿದ್ದುದು ನಮ್ಮ ಘಟ್ಟದ ಹುಂಜದ ಕತ್ತಿನ ಗರಿ. ಮಾಂಸಕ್ಕಾಗಿ ನಡೆಯುತ್ತಿದ್ದ ಬೇಟೆಗೆ ಮಾರುಕಟ್ಟೆಯ ಒತ್ತಡ ಸೇರಿದ್ದು ಹೀಗೆ. ಗರಿಗಾಗಿ ಈ ಹಕ್ಕಿಗಳನ್ನು ಈಗ ಬ್ರಿಟನ್ನಿನಲ್ಲೇ ಸಾಕುತ್ತಾರೆ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಈ ಜಾತಿಯ ಹೆಸರಿದೆ.

ಇನ್ನೊಂದು ಗುರುತು ನಮ್ಮ ಅಡುಗೆಮನೆಯಲ್ಲೇ ಇದೆ. ನಾಟಿಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿಯೇ ಆದರೂ ಸಾಕುಕೋಳಿಯ ಹಳದಿ ಚರ್ಮದ ವಂಶವಾಹಿ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಾಡಂಚಿನ ಊರುಗಳಲ್ಲಿ ಹುಂಜ ಇಳಿದು ಬಂದು ಮನೆಕೋಳಿಗಳ ಜೊತೆ ಸೇರುವುದನ್ನು ಕಂಡವರಿಗೆ ಇದು ಅಚ್ಚರಿಯ ಸುದ್ದಿಯೇನಲ್ಲ.

ಕೂಗು ಮತ್ತು ಗಡಿ

ಬೇಟೆ ನಿಂತಿದ್ದುದು ಹುಂಜದ ಕೂಗಿನ ಮೇಲೆ. ಮುಂಜಾನೆ, ಬೈಗಿನ ಹೊತ್ತು ಅದು ಎತ್ತರದ ದಿಮ್ಮಿಯನ್ನೋ ಹುತ್ತವನ್ನೋ ಹತ್ತಿ ಕೂಗುತ್ತದೆ. ಮನೆಹುಂಜದ ಹಾಗೆ ಎಳೆದು ಮುಗಿಸುವ ಕೂಗಲ್ಲ. ಒಡಕು ದನಿಯ ನಾಲ್ಕು ತುಂಡು, ಕೊನೆಯಲ್ಲಿ ಕತ್ತರಿಸಿದಂತೆ ನಿಲುಗಡೆ. ಹತ್ತಿರದಲ್ಲಿದ್ದವರಿಗೆ ಮಾತ್ರ ಅದರ ಹಿಂದೆಯೇ ಮೆಲ್ಲಗೆ ಗೊಣಗುವ ಸದ್ದೂ ಕೇಳುತ್ತದೆ. ಕೆಂಪು ಕಾಡುಕೋಳಿ ಕೂಗುವ ಮೊದಲು ರೆಕ್ಕೆ ಬಡಿಯುತ್ತದೆ, ಇದು ಬಡಿಯುವುದಿಲ್ಲ. ಕಣ್ಣಿಗೆ ಬೀಳುವ ಮುನ್ಸೂಚನೆ ಇಲ್ಲವೆಂದಾದ ಮೇಲೆ ಬೇಟೆಗಾರ ಕಿವಿಯನ್ನೇ ನಂಬಬೇಕು.

ಫೆಬ್ರವರಿಯಿಂದ ಮೇವರೆಗಿನ ಮರಿಮಾಡುವ ಕಾಲದಲ್ಲಿ ಕೂಗು ಹೆಚ್ಚು. ಹೇಂಟೆ ನೆಲದಲ್ಲೇ ಕೆದರಿ ನಾಲ್ಕರಿಂದ ಏಳು ಮೊಟ್ಟೆ ಇಟ್ಟು ಸುಮಾರು 21 ದಿನ ಕಾವು ಕೂರುತ್ತದೆ. ಆ ತಿಂಗಳುಗಳಲ್ಲಿ ಹುಂಜ ತನ್ನ ಪಾಲಿನ ಕಾಡಿಗೆ ಕಾವಲುಗಾರ; ಇನ್ನೊಂದು ಹುಂಜ ಒಳಗೆ ಬಂದು ಕೂಗಿತೆಂದರೆ ತಡೆದುಕೊಳ್ಳಲಾರದು. ಮಳೆಗಾಲ ಬಂತೆಂದರೆ ಕತ್ತಿನ ಚಂದದ ಗರಿ ಉದುರಿ ಮಾಸಲು ಗರಿ ಬರುತ್ತದೆ, ಹುಂಜ ಹೇಂಟೆಯಂತೆ ಸದ್ದಿಲ್ಲದೆ ಪೊದೆ ಹಿಡಿಯುತ್ತದೆ. ಗರಿಗೂ ಕೂಗಿಗೂ ಕಾದಾಟಕ್ಕೂ ಒಂದೇ ಸುಗ್ಗಿ.

ಎಳೆಯ ಹುಂಜ ಕೂಗು ಕೇಳಿದೊಡನೆ ನುಗ್ಗುತ್ತದೆ. ಹಳೆಯದು ಹಾಗಲ್ಲ. ಕಾಲಿನ ಮುಳ್ಳು ಬೆಳೆದು ಮೊನಚಾದ, ಒಂದೆರಡು ಬಾರಿ ಚರೆ ತಪ್ಪಿಸಿಕೊಂಡ ಹುಂಜ ಮರುಕೂಗು ಕೊಟ್ಟು ನಿಲ್ಲುತ್ತದೆ, ಜಾಗ ಬದಲಿಸುತ್ತದೆ, ಸುತ್ತು ಬಳಸಿ ಹಿಂದಿನಿಂದ ಬರುತ್ತದೆ. ಅನುಮಾನ ಬಂದರೆ ಹಾರುವುದಿಲ್ಲ, ತಲೆ ತಗ್ಗಿಸಿ ಓಡುತ್ತದೆ. ಹಾರಿದರೆ ಮಾತ್ರ ಎದೆ ಝಲ್ಲೆನ್ನುವ ಸದ್ದು, ಮತ್ತೆ ಕಂಡರೆ ಕೇಳಿ. ಕೋವಿಯ ಸದ್ದು ಹೆಚ್ಚಿರುವ ಕಾಡಿನಲ್ಲಿ ಹುಂಜಗಳು ಕೂಗುವುದನ್ನೇ ಕಡಿಮೆ ಮಾಡುತ್ತವೆ ಎಂಬುದು ಹಳೆಯ ಬೇಟೆಗಾರರ ಮಾತು. ಕೂಗಿದವು ಮೊದಲು ಸಾಯುತ್ತವೆ ಎಂಬುದನ್ನು ನೆನೆದರೆ ಅದರಲ್ಲಿ ನಂಬದಿರುವಂಥದ್ದು ಏನಿಲ್ಲ.

ಹಿಡಿಯುತ್ತಿದ್ದ ಬಗೆಗಳು

ಬೇಟೆಗಾರ ಮೊದಲು ಓದುತ್ತಿದ್ದುದು ನೆಲ. ತರಗೆಲೆ ಕೆದರಿದ ಗುರುತು, ಆನೆ ಲದ್ದಿಯನ್ನೋ ಸಗಣಿಯನ್ನೋ ಚೆದುರಿಸಿ ಹುಳ ಆರಿಸಿದ ಜಾಗ, ಮಣ್ಣಿನಲ್ಲಿ ಹೊರಳಿದ ಗುಳಿ, ನೀರಿಗಿಳಿಯುವ ದಾರಿ. ಬಿದಿರು ಅಕ್ಕಿ ಬಿಟ್ಟ ವರ್ಷ, ಗುರುಗಿ ಗಿಡ ಬೀಜ ಉದುರಿಸಿದ ವರ್ಷ, ಕಾಡುಕೋಳಿಗಳು ಎಲ್ಲೆಲ್ಲಿಂದಲೋ ಬಂದು ಸೇರುತ್ತವೆ. ಬೇಟೆಗಾರರಿಗೂ ಅದೇ ಹಬ್ಬ.

ಕೋವಿಯವರಲ್ಲಿ ಎರಡು ಪಂಗಡ. ಒಬ್ಬರು ಬೆಳಗಿನ ಜಾವ ಕಾಡುದಾರಿಯಲ್ಲಿ ಸದ್ದಾಗದಂತೆ ನಡೆದು, ಬಿಸಿಲಿಗೆ ಬಂದ ಕೋಳಿಯನ್ನು ಕಂಡಲ್ಲಿ ಹೊಡೆಯುವವರು. ಇನ್ನೊಬ್ಬರು ಮರಸು ಕೂರುವವರು: ನೀರಿನ ಬಳಿಯೋ ಹಣ್ಣುದುರುವ ಮರದ ಬುಡದಲ್ಲೋ ಸೊಪ್ಪಿನ ಮರೆ ಕಟ್ಟಿಕೊಂಡು ಕತ್ತಲಿದ್ದಾಗಲೇ ಹೋಗಿ ಕೂರುತ್ತಿದ್ದರು. ಕೇಪಿನ ಕೋವಿಯ ಕಾಲದಲ್ಲಿ ಒಂದು ಗುಂಡು ತಪ್ಪಿದರೆ ಮದ್ದು ಜಡಿದು, ಚರೆ ತುಂಬಿ, ಕೇಪು ಕೂರಿಸುವಷ್ಟರಲ್ಲಿ ಹಕ್ಕಿ ಇನ್ನೊಂದು ಕಣಿವೆಯಲ್ಲಿರುತ್ತಿತ್ತು. ತೋಟಾ ಕೋವಿ ಬಂದ ಮೇಲೆ ಈ ತಾಳ್ಮೆ ಸಡಿಲವಾಯಿತು. ಜೀಪಿನ ದೀಪದ ಬೆಳಕಿನಲ್ಲಿ ಮರದ ಮೇಲೆ ಮಲಗಿದ ಕೋಳಿಗೆ ಹೊಡೆಯುವ ಚಾಳಿಯೂ ಶುರುವಾಯಿತು. ಅದನ್ನು ಬೇಟೆ ಎಂದು ಕರೆಯಲು ಹಳಬರೇ ಒಪ್ಪುತ್ತಿರಲಿಲ್ಲ.

ದೀವದ ಬೇಟೆ ಇವೆಲ್ಲಕ್ಕಿಂತ ಹಳೆಯದು. ದೀವವೆಂದರೆ ತನ್ನ ಜಾತಿಯನ್ನೇ ಬಲೆಗೆ ಕರೆತರಲು ಪಳಗಿಸಿದ ಪ್ರಾಣಿ. ಹಳಗನ್ನಡ ಕಾವ್ಯಗಳ ಬೇಟೆಯ ವರ್ಣನೆಗಳಲ್ಲಿ ದೀವದ ಜಿಂಕೆ ಬರುತ್ತದೆ. ಕಾಡುಕೋಳಿಗೆ ದೀವವಾಗುತ್ತಿದ್ದುದು ಮೊಟ್ಟೆಯಲ್ಲೇ ತಂದು ಮನೆಯ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸಿದ ಹುಂಜ, ಇಲ್ಲವೇ ಜಗಳಗಂಟ ನಾಟಿ ಹುಂಜ. ಮೊಟ್ಟೆಯಿಂದ ಬಂದದ್ದನ್ನು ಸಾಕುವುದೇ ದೊಡ್ಡ ಕೆಲಸ, ರೆಕ್ಕೆ ಬಲಿತೊಡನೆ ಕಾಡಿನ ದಾರಿ ಹಿಡಿಯುವ ಜಾತಿ ಅದು. ಹುಂಜದ ಕಾಲಿಗೆ ದಾರ ಕಟ್ಟಿ ಗೂಟಕ್ಕೆ ಬಿಗಿಯುತ್ತಿದ್ದರು. ಸುತ್ತಲೂ, ಅದಕ್ಕೆ ಎಟುಕದಷ್ಟು ದೂರದಲ್ಲಿ, ಚಿಕ್ಕ ಕಡ್ಡಿಗಳಿಗೆ ಹೆಣೆದ ಉರುಳುಗಳ ಸಾಲು. ಹಿಂದೆ ಉರುಳಿಗೆ ಕುದುರೆಯ ಬಾಲದ ಕೂದಲು. ಹೊಳೆಯುವುದಿಲ್ಲ, ಮಂಜಿಗೆ ಮುದುಡುವುದಿಲ್ಲ, ಕುಣಿಕೆ ತೆರೆದೇ ನಿಲ್ಲುತ್ತದೆ. ಕಟ್ಟಿದ ಹುಂಜ ಕೂಗಿದರೆ ಕಾಡಿನ ಹುಂಜಕ್ಕೆ ಅದು ಗಡಿ ಮೀರಿದ ವೈರಿ. ಕತ್ತಿನ ಗರಿ ಕೊಡೆಯಂತೆ ಕೆದರಿಕೊಂಡು ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಪಕ್ಕಕ್ಕೆ ಸುತ್ತು ಹಾಕುತ್ತ ಬಂದು ಕಾಲನ್ನು ಉರುಳಿಗೆ ಕೊಡುತ್ತಿತ್ತು. ಹಳೆಯ ಹುಂಜ ಮಾತ್ರ ಗೂಟ, ದಾರ, ನೆಲದ ಮೇಲೆ ಮನುಷ್ಯನ ಕೈ ಆಡಿದ ಗುರುತು ನೋಡಿ ಮಾರು ದೂರದಲ್ಲೇ ನಿಂತು ಕೂಗಿ ಹೊರಟುಹೋಗುತ್ತಿತ್ತು. ಅಂಥದ್ದಕ್ಕಾಗಿ ದೀವದ ಹುಂಜವನ್ನು ಪೊದೆಯ ಮರೆಯಲ್ಲಿಟ್ಟು ಕೂಗು ಮಾತ್ರ ಕೇಳಿಸುವಂತೆ ಮಾಡುತ್ತಿದ್ದರು.

ಅಮೆರಿಕದ ಕಾಡು ಟರ್ಕಿಯ ಬೇಟೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿಯೂ ವಸಂತದ ಬೆಳಗಿನ ಜಾವ, ಮರದ ಮೇಲಿಂದಲೇ ಗುಡುಗುವ ಗಂಡು, ಬುಡಕ್ಕೆ ಬೆನ್ನು ಕೊಟ್ಟು ಕೂತ ಬೇಟೆಗಾರ. ಆದರೆ ಅಲ್ಲಿನವನು ಮರದ ಪೆಟ್ಟಿಗೆಯನ್ನೋ ಕಲ್ಲಿನ ಹಲಗೆಯನ್ನೋ ಉಜ್ಜಿ ಹೆಣ್ಣಿನ ದನಿ ಹೊರಡಿಸುತ್ತಾನೆ. ಟರ್ಕಿಗಳಲ್ಲಿ ಗಂಡು ಕೂಗಿದರೆ ಹೆಣ್ಣು ಅದರ ಬಳಿ ಹೋಗುವುದು ವಾಡಿಕೆ. ಹೆಣ್ಣಿನ ದನಿ ಕೇಳಿದ ಮುದಿ ಗಂಡು ಆಕೆಯೇ ಬರಲಿ ಎಂದು ನಿಂತುಬಿಡುತ್ತದೆ, ಬೇಟೆಗಾರನ ಬೆಳಗು ಹಾಳಾಗುತ್ತದೆ. ಅಲ್ಲಿ ಗಂಡನ್ನು ಆಸೆಯಿಂದ ಕರೆದರೆ ಇಲ್ಲಿ ಸಿಟ್ಟಿನಿಂದ ಕರೆದರು. ಸಿಟ್ಟು ಹೆಚ್ಚು ನಂಬಿಗಸ್ತ ಎಂಬುದು ನನ್ನ ಎಣಿಕೆ: ಆಸೆಗೆ ಕಾಯುವ ತಾಳ್ಮೆಯಿದೆ, ಗಡಿಯ ಜಗಳಕ್ಕಿಲ್ಲ. ಟರ್ಕಿ ನಮ್ಮ ದೇಶಕ್ಕೆ ಬಂದದ್ದು ಬೇಟೆಯ ಹಕ್ಕಿಯಾಗಿ ಅಲ್ಲ, ಬೆರಗಿನ ವಸ್ತುವಾಗಿ. 1612ರಲ್ಲಿ ತನ್ನ ಅಧಿಕಾರಿ ಮುಕರ್ರಬ್ ಖಾನ್ ಗೋವೆಯಿಂದ ತಂದ ಒಂದನ್ನು ಕಂಡ ಮೊಗಲ್ ದೊರೆ ಜಹಾಂಗೀರ್, ತಲೆಯ ಬಣ್ಣ ಬದಲಾಗುವುದನ್ನು ಗೋಸುಂಬೆಗೆ ಹೋಲಿಸಿ ಬರೆದಿಟ್ಟ. ಆಸ್ಥಾನದ ಚಿತ್ರಕಾರ ಮನ್ಸೂರನಿಂದ ಅದರ ಚಿತ್ರವನ್ನೂ ಬರೆಸಿದ.

ಬಯಲು ಸೀಮೆ: ಮಾದನಾಯಕನಹಳ್ಳಿಯ ಸುತ್ತ

ಕಾಡುಕೋಳಿ ಇಲ್ಲದ ಬಯಲಿನಲ್ಲೂ ಇದೇ ವಿದ್ಯೆ ಬೇರೊಂದು ಹಕ್ಕಿಯ ಮೇಲೆ ನಡೆಯುತ್ತಿತ್ತು. ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ ನೆಲಮಂಗಲಕ್ಕೆ ಹೋಗುವ ದಾರಿಯಲ್ಲಿ ಸಿಗುವ ಮಾದನಾಯಕನಹಳ್ಳಿ ಕಾಡುಕೋಳಿಯ ಊರಲ್ಲ. ದಾಸನಪುರ ಹೋಬಳಿಯ ಈ ನೆಲ ಅರ್ಕಾವತಿಯ ಜಲಾನಯನದ ಕೆಮ್ಮಣ್ಣಿನ ಬಯಲು: ರಾಗಿ ಹೊಲ, ಹುರುಳಿ ಹೊಲ, ಬೇಲಿಗೆ ಕತ್ತಾಳೆ, ಗೋಮಾಳದಲ್ಲಿ ಬಂದ್ರೆ, ಜಾಲಿ, ಲಂಟಾನ. ಇಲ್ಲಿಂದ ಕಾಡುಕೋಳಿಯ ಕೂಗು ಕೇಳಬೇಕೆಂದರೆ ಒಂದು ಕಡೆ ಮಾಗಡಿಯ ಸಾವನದುರ್ಗ, ಇನ್ನೊಂದು ಕಡೆ ತುಮಕೂರಿನ ದೇವರಾಯನದುರ್ಗದ ಕಾಡಿಗೆ ಹೋಗಬೇಕು. ನಂದಿ ಬೆಟ್ಟದಲ್ಲಿ, ಬನ್ನೇರುಘಟ್ಟದಲ್ಲೂ ಅದು ಇದೆ.

ಬಯಲಿನಲ್ಲಿ ಹುಂಜದ ಸ್ಥಾನ ಕೌಜುಗದ್ದು. ಗೌಜಲಹಕ್ಕಿ ಎಂದೂ ಕರೆಯುವ ಈ ಬೂದುಕಂದು ಹಕ್ಕಿ ಗಾತ್ರದಲ್ಲಿ ಚಿಕ್ಕದು, ಗತ್ತಿನಲ್ಲಿ ಅಲ್ಲ. ಹೊಲದ ಬದುವಿನ ಮೇಲೋ ಹುತ್ತದ ಮೇಲೋ ನಿಂತು ಏರುದನಿಯಲ್ಲಿ ಎದುರಾಳಿಗೆ ಸವಾಲು ಹಾಕುವ ಸ್ವಭಾವ ಕಾಡುಹುಂಜದ್ದೇ. ಆದ್ದರಿಂದ ಹಿಡಿಯುವ ವಿದ್ಯೆಯೂ ಅದೇ. ಬಟ್ಟೆ ಮುಚ್ಚಿದ ಬಿದಿರಿನ ಪಂಜರದಲ್ಲಿ ಪಳಗಿದ ಕೌಜುಗವನ್ನು ಹೊಲಕ್ಕೆ ಒಯ್ದು, ಬಟ್ಟೆ ಸರಿಸಿದರೆ ಅದು ಕೂಗುತ್ತದೆ. ಆ ಹೊಲದ ಯಜಮಾನನಾದ ಕೌಜುಗ ಓಡಿ ಬರುತ್ತದೆ. ಪಂಜರದ ಸುತ್ತ ಉರುಳು. ಕೌಜುಗ, ಬುರ್ಲಿ ಹಕ್ಕಿಗಳನ್ನು ಹಿಡಿದು ಸಂತೆಗೆ ತರುವ ಕಸುಬು ಹಕ್ಕಿಪಿಕ್ಕಿ ಸಮುದಾಯದವರ ಕೈಯಲ್ಲಿ ಹಿಂದಿನಿಂದ ಬಂದದ್ದು. ಕಾನೂನು ಬಿಗಿಯಾದ ಮೇಲೆ ಅವರಲ್ಲಿ ಬಹುಮಂದಿ ಗಿಡಮೂಲಿಕೆಯ ತೈಲ, ಅಲಂಕಾರದ ಹೂವು ಮಾರುವ ಕಡೆಗೆ ತಿರುಗಿದರು. ಹುಣಸೂರಿನ ಬಳಿಯ ಪಕ್ಷಿರಾಜಪುರದ ಕೆಲವರು ಎಣ್ಣೆ ಮಾರಲು ಆಫ್ರಿಕಾದವರೆಗೂ ಹೋದರು. 2023ರಲ್ಲಿ ಸುಡಾನಿನ ಕಾಳಗದ ನಡುವೆ ಸಿಕ್ಕಿಕೊಂಡ ಕನ್ನಡಿಗರು ಎಂದು ಸುದ್ದಿಯಾದವರು ಇದೇ ಸಮುದಾಯದವರು. ಹಕ್ಕಿಯ ದಾರಿ ಬಲ್ಲ ಇವರ ಜ್ಞಾನವನ್ನು ಬರೆದಿಡುವ ಕೆಲಸ ಕಸುಬನ್ನು ನಿಲ್ಲಿಸಿದಷ್ಟು ಚುರುಕಾಗಿ ನಡೆಯಲಿಲ್ಲ.

ಪೀಣ್ಯದ ಕೈಗಾರಿಕಾ ವಸಾಹತು ಬೆಳೆದಂತೆ ತುಮಕೂರು ರಸ್ತೆಯ ಎರಡೂ ಬದಿ ಗೋದಾಮು, ಲೇತ್ ಯಂತ್ರದ ಶೆಡ್ಡು, ಲಾರಿ ನಿಲ್ದಾಣ, ಬಡಾವಣೆಗಳು ಬಂದವು. 2024ರ ನವೆಂಬರಿನಲ್ಲಿ ಮೆಟ್ರೋದ ಹಸಿರು ಮಾರ್ಗ ಪಕ್ಕದ ಮಾದಾವರದವರೆಗೆ ಬಂತು. ಇಲ್ಲಿ ಕೌಜುಗವನ್ನು ಉರುಳಿಗಿಂತ ಹೆಚ್ಚು ಓಡಿಸಿದ್ದು ಜೆಸಿಬಿ. ಸೈಟಿಗೆಂದು ಅಳೆದು ಕಲ್ಲು ನೆಟ್ಟು, ಮನೆ ಕಟ್ಟದೆ ಬಿಟ್ಟ ಬಡಾವಣೆಗಳಲ್ಲಿ ಕಳೆ ಬೆಳೆದು ಕೌಜುಗ ಕೆಲಕಾಲ ಮರಳಿ ಬರುವುದುಂಟು. ಹೆಸರಘಟ್ಟದ ಹುಲ್ಲುಗಾವಲಿನಂಥ ತೆರೆದ ನೆಲವೇ ಈ ಭಾಗದ ಬಯಲುಹಕ್ಕಿಗಳಿಗೆ ಉಳಿದಿರುವ ದೊಡ್ಡ ಆಸರೆ. ಕುದುರೆಕೂದಲಿನ ಉರುಳು ಹೋಗಿ ಬೈಕಿನ ಕ್ಲಚ್ ತಂತಿಯ ಉರುಳು ಬಂದದ್ದೂ ಕಾರ್ಖಾನೆಯ ಕಾಲದ ಬದಲಾವಣೆಯೇ. ತಂತಿಗೆ ಗುರಿಯೆಂಬುದಿಲ್ಲ. ಕಾಡುಹಂದಿಗೆಂದು ಬೇಲಿಗೆ ಒಡ್ಡಿದ್ದಕ್ಕೆ ಚಿರತೆಯೂ ಸಿಗುತ್ತದೆ.

ಅರಮನೆ, ಪುಸ್ತಕ, ಕೋವಿ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಬೇಟೆ, ಡೇಗೆಯ ಬೇಟೆ, ಮೀನು ಹಿಡಿಯುವುದು, ಕೋಳಿಕಾಳಗ, ಲಾವಕ್ಕಿ ಕಾಳಗ ಎಲ್ಲಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ಕೋಳಿಯ ಜಗಳಗಂಟತನವನ್ನು ಅರಮನೆ ಅಂಗಳದ ಆಟವಾಗಿ ನೋಡಿತು, ಹಳ್ಳಿಯವ ಅದನ್ನೇ ಕಾಡಿಗೆ ಒಯ್ದ. ತುಳುನಾಡಿನ ಕೋಳಿ ಅಂಕ ಈ ಎರಡರ ನಡುವೆ ಎಲ್ಲೋ ಇದೆ.

ಕೊಡಗಿನಲ್ಲಿ ಕೋವಿ ಮನೆತನದ ಗುರುತು. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಸಲ್ಲಿಸುತ್ತಾರೆ. ನಾಟಿಯ ಕೆಲಸ ಮುಗಿದು ಬೇಟೆಗೆ ಹೊರಡುವ ಕಾಲ ಅದಾಗಿತ್ತು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಕೋವಿ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, ಬೇಟೆಗಲ್ಲ. ಹಬ್ಬದ ದಿನ ಈಗ ಗುರಿ ಮರಕ್ಕೆ ಕಟ್ಟಿದ ತೆಂಗಿನಕಾಯಿ.

ಕನ್ನಡ ಸಾಹಿತ್ಯದಲ್ಲಿ ಮಲೆನಾಡಿನ ಬೇಟೆ ಮೈದುಂಬಿ ಬರುವುದು ಕುವೆಂಪು ಅವರಲ್ಲಿ. ‘ಮಲೆನಾಡಿನ ಚಿತ್ರಗಳು’ ಮತ್ತು ‘ಕಾನೂರು ಹೆಗ್ಗಡಿತಿ’ಯಲ್ಲಿ ಬೇಟೆ ಹವ್ಯಾಸವಲ್ಲ, ಮನೆಗೆಲಸದ ಒಂದು ಭಾಗ. ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಗೆ ಬರುವಷ್ಟರಲ್ಲಿ ಕೋವಿ ಹಿಡಿದವನೇ ತನ್ನನ್ನು ನೋಡಿ ನಗತೊಡಗುತ್ತಾನೆ. ಮೂಡಿಗೆರೆಯ ಕಾಡುಗಳಲ್ಲಿ ಕೋವಿಯಿಂದ ಕ್ಯಾಮೆರಾಕ್ಕೆ ತಿರುಗಿದ ಅವರ ಹಾದಿ ಒಂದು ತಲೆಮಾರಿನ ಓದುಗರನ್ನೂ ಜೊತೆಗೆ ಕರೆದೊಯ್ದಿತು. ವಿಜ್ಞಾನದ ಕಡೆಯಿಂದ ಹಳೆಯ ಮೈಸೂರಿನ ಹಕ್ಕಿಗಳ ವ್ಯವಸ್ಥಿತ ದಾಖಲೆ ಸಲೀಂ ಅಲಿ ಅವರದ್ದು. 1939–40ರಲ್ಲಿ ನಡೆದ ಅವರ ಸಮೀಕ್ಷೆಯ ವರದಿ 1942–43ರಲ್ಲಿ ಪ್ರಕಟವಾಯಿತು. ಆ ಕಾಲದ ಸಮೀಕ್ಷೆಯೂ ಕೋವಿ ಹಿಡಿದೇ ನಡೆಯುತ್ತಿತ್ತು, ಗುರುತು ಹಿಡಿಯಲು ಹಕ್ಕಿಯ ತೊಗಲು ಬೇಕಿತ್ತು.

ಕಾನೂನು ಮತ್ತು ಇಂದಿನ ಸ್ಥಿತಿ

ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ಕಾಯಿದೆ ತಂದಿತು. ಬ್ರಿಟಿಷ್ ಭಾರತದಲ್ಲಿ 1912ರ ಕಾಡುಹಕ್ಕಿ ಮತ್ತು ಪ್ರಾಣಿಗಳ ಸಂರಕ್ಷಣಾ ಕಾಯಿದೆ ಮರಿಮಾಡುವ ಕಾಲಕ್ಕೆ ನಿಷೇಧ ಹಾಕಲು ಅವಕಾಶ ಕೊಟ್ಟಿತು. ಇವುಗಳ ಆಶಯ ಬೇಟೆಯನ್ನು ನಿಲ್ಲಿಸುವುದಾಗಿರಲಿಲ್ಲ, ಮುಂದಿನ ವರ್ಷದ ಬೇಟೆಗೆ ಹಕ್ಕಿ ಉಳಿಸುವುದಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲೂ ಮೊದಲಿಗೆ ಸಣ್ಣ ಬೇಟೆಗೆ ಪರವಾನಗಿ ಕೊಡುವ ದಾರಿಯಿತ್ತು. 1991ರ ತಿದ್ದುಪಡಿ ಅದನ್ನು ಮುಚ್ಚಿತು. ಕಾಯಿದೆಯ ಪ್ರಕಾರ ಕೊಲ್ಲುವುದು ಮಾತ್ರ ಬೇಟೆಯಲ್ಲ: ಹಿಡಿಯುವುದು, ಉರುಳೊಡ್ಡುವುದು, ಆಮಿಷ ತೋರಿಸುವುದು, ಸೋಹುವುದು, ಮೊಟ್ಟೆ ಗೂಡು ಕೆಡಿಸುವುದು, ಇದಕ್ಕೆಲ್ಲ ಯತ್ನಿಸುವುದು ಕೂಡ ಬೇಟೆಯೇ. ದೀವದ ಕೌಜುಗವನ್ನು ಪಂಜರದಲ್ಲಿ ಸಾಕುವುದೂ ಕಾಡುಕೋಳಿಯ ಮಾಂಸವನ್ನು ಕೊಂಡು ತರುವುದೂ ಈ ಕಾಯಿದೆಯಡಿ ಮೊಕದ್ದಮೆಗೆ ಸಾಕು.

ಅಮೆರಿಕ ಇದಕ್ಕೆ ಬೇರೆ ದಾರಿ ಹಿಡಿಯಿತು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಹಲವು ರಾಜ್ಯಗಳಲ್ಲಿ ಅಳಿದುಹೋಗಿದ್ದ ಕಾಡು ಟರ್ಕಿಯನ್ನು, ಬೇಟೆಯ ಪರವಾನಗಿ ಶುಲ್ಕ ಮತ್ತು ಕೋವಿ, ತೋಟಾಗಳ ಮೇಲಿನ, 1937ರಲ್ಲಿ ವನ್ಯಜೀವಿಗಳಿಗೆಂದು ಮೀಸಲಿಟ್ಟ ತೆರಿಗೆಯ ಹಣದಿಂದಲೇ ಮತ್ತೆ ಬೆಳೆಸಿದರು. ಇಂದು ಅಲಾಸ್ಕಾ ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲಿ ಅದು ಇದೆ. ಆ ಮಾದರಿ ಇಲ್ಲಿಗೂ ಬರಲಿ ಎನ್ನುವವರು ಆಗಾಗ ಸಿಗುತ್ತಾರೆ. ಅಂಗೈಯಗಲದ ಕಾಡಿಗೆ ಅಂಟಿಕೊಂಡು ಹತ್ತು ಹಳ್ಳಿಗಳಿರುವ ನಮ್ಮಲ್ಲಿ ಪರವಾನಗಿಯ ಲೆಕ್ಕ ಇಡುವವರಾರು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರ ಸಿಗುವುದಿಲ್ಲ.

ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬೂದು ಕಾಡುಕೋಳಿ ಆತಂಕವಿಲ್ಲದ ಜಾತಿಗಳ ಸಾಲಿನಲ್ಲಿದೆ. ಬಂಡೀಪುರ, ನಾಗರಹೊಳೆಯ ರಸ್ತೆಬದಿಯಲ್ಲಿ ಬೆಳಗಿನ ಹೊತ್ತು ಹುಂಜಗಳು ನಿರ್ಭಯವಾಗಿ ಮೇಯುತ್ತವೆ. ಮೂವತ್ತು ಮೈಲಿ ಆಚೆಯ ಸಂರಕ್ಷಿತವಲ್ಲದ ಕಾಡಿನಲ್ಲಿ ಅದೇ ಜಾತಿ ಮನುಷ್ಯನ ನೆರಳು ಕಂಡರೆ ಓಡುತ್ತದೆ. ಕದ್ದು ನಡೆಯುವ ಬೇಟೆ ಎಲ್ಲಿದೆ ಎಂಬುದಕ್ಕೆ ಈ ಅಂತರ ಸಾಕಷ್ಟು ಒಳ್ಳೆಯ ಸಾಕ್ಷಿ. ಕಾಡಂಚಿನಲ್ಲಿ ಸಾಕುಕೋಳಿಗಳ ಜೊತೆ ಬೆರಕೆಯಾಗುವುದು ಸದ್ದಿಲ್ಲದ ಇನ್ನೊಂದು ತೊಂದರೆ. ಕೋಳಿಜಾತಿಯ ಕಾಡುಹಕ್ಕಿಗಳ ಎಣಿಕೆಗೆ ಸಂಶೋಧಕರು ಬಳಸುವ ಒಂದು ಕ್ರಮದಲ್ಲಿ, ನಸುಕಿನಲ್ಲಿ ಗೊತ್ತುಮಾಡಿದ ಜಾಗಗಳಲ್ಲಿ ನಿಂತು ಕೂಗುವ ಹುಂಜಗಳನ್ನು ಕಿವಿಯಿಂದಲೇ ಲೆಕ್ಕ ಹಾಕುತ್ತಾರೆ. ಕಾಡುಕೋಳಿಯ ಮಟ್ಟಿಗೆ ಇದಕ್ಕೆ ಹೊಂದುವುದು ಮರಿಮಾಡುವ ತಿಂಗಳುಗಳು ಮಾತ್ರ. ಮಳೆಗಾಲದಲ್ಲಿ ಹುಂಜಗಳಿದ್ದರೂ ಲೆಕ್ಕಕ್ಕೆ ಸಿಗುವುದಿಲ್ಲ.